ಗೋಡೌನಲ್ಲಿ ನಿಂತಿದ್ದ ದೊಡ್ಡಪ್ಪನ ಹೆರಾಲ್ಡು ಮತ್ತೆ ರೋಡಿಗೆ ಬಂದಿದ್ದು

ನಮ್ಮ ದೊಡ್ಡಪ್ಪನ ಕಾರು 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡು ಬಾಗಿಲಿಂದು, ಎಂವೈ ಅಂತ ಶುರುವಾಗೋ ನಂಬರು. ಸಕಲೇಶಪುರದ ಹತ್ರ ತೋಟದ ಗೋಡೌನಲ್ಲಿ 1993ರಲ್ಲಿ ನಿಲ್ಸಿದ್ದು ಹಂಗೇ ನಿಂತಿತ್ತು. ಮೇಲೆ ಕಾಫಿ ಮೂಟೆ, ಒಳಗೆ ಇಲಿ ಗೂಡು, ಕೆಳಗೆ ಮಲೆನಾಡಿನ ತೇವ. ದೊಡ್ಡಪ್ಪ ಹೋದ್ಮೇಲೆ ಗುಜರಿಯವ್ನು ಬಂದು 12 ಸಾವ್ರ ಕೊಡ್ತೀನಿ ಅಂದಿದ್ನಂತೆ, ದೊಡ್ಡಮ್ಮ ನಂಗೆ ಫೋನ್ ಮಾಡಿ "ನೀನೇ ತಗೊಂಡೋಗಪ್ಪ, ಕಣ್ಣೆದುರಿಗೆ ಕಡಿಯೋದು ನನ್ ಕೈಲಿ ನೋಡಕ್ಕಾಗಲ್ಲ" ಅಂದ್ರು. ಟೋಯಿಂಗ್ ಗಾಡಿಗೆ 6,500 ಕೊಟ್ಟು ಹಾಸನಕ್ಕೆ ತಂದು ಮನೆ ಪಕ್ಕದ ಶೀಟ್ ಶೆಡ್ಡಲ್ಲಿ ಇಳಿಸ್ಕೊಂಡೆ. ಅಲ್ಲಿಂದ ಎರಡು ವರ್ಷ ಎರಡು ತಿಂಗಳು, ಬರೀ ಭಾನುವಾರ ಮತ್ತೆ ರಜಾ ದಿನ, ಒಟ್ಟು ಖರ್ಚು 2 ಲಕ್ಷದ 35 ಸಾವ್ರ. ನಾನು ಮೆಕ್ಯಾನಿಕ್ ಅಲ್ಲ, ಆಫೀಸ್ ಕೆಲ್ಸದವ್ನು, ಅಪ್ಪನ ಟ್ರ್ಯಾಕ್ಟರ್ ರಿಪೇರಿ ನೋಡಿ ಬೆಳೆದಿದ್ದೇ ನನ್ನ ಟ್ರೈನಿಂಗು. ಇಂಥ ಕಾರು ಮನೇಲಿ ಇಟ್ಕೊಂಡು ಕೈ ಹಾಕಲೋ ಬೇಡ್ವೋ ಅಂತ ಯೋಚ್ನೆ ಮಾಡ್ತಿರೋರಿಗೆ ಉಪಯೋಗ ಆಗ್ಲಿ ಅಂತ ಇದನ್ನ ಬರೀತಿದೀನಿ.

ಹೆರಾಲ್ಡ್ ಸ್ಪೋರ್ಟ್ಸ್ ಕಾರಾ ಅಂತ ಕೇಳ್ತಾರೆ ಎಲ್ರೂ. ಇಂಜಿನ್ನು 948 ಸಿಸಿ, ಸ್ಪೀಡಲ್ಲಿ ಅಂಥಾದ್ದೇನಿಲ್ಲ. ಆದ್ರೆ ಇದರ ಡಿಸೈನ್ ಇಟಲಿಯ ಜಿಯೋವಾನಿ ಮಿಕೆಲೊಟ್ಟಿದು, 1959ರಲ್ಲಿ ಇಂಗ್ಲೆಂಡಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂತು, ಇದೇ ಚಾಸಿಯ ಉದ್ದ ಕಮ್ಮಿ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಎರಡು ಸೀಟಿನ ಸ್ಪೋರ್ಟ್ಸ್ ಕಾರ್ ಮಾಡಿದ್ರು. ಸ್ಟೇರಿಂಗು, ಮುಂದಿನ ಸಸ್ಪೆನ್ಷನ್ನು, ಹಿಂದಿನ ಅಡ್ಡ ಕಮಾನ್ ಪಟ್ಟಿ ಎಲ್ಲಾ ಒಂದೇ ಮನೆತನದ್ದು. ನಮ್ಮಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವ್ರು 1961ರಿಂದ ಮಾಡ್ತಿದ್ರು. ಈ ಸಂಬಂಧದಿಂದ ನಂಗೆ ಆದ ದೊಡ್ಡ ಲಾಭ ಅಂದ್ರೆ ಇಂಗ್ಲೆಂಡಲ್ಲಿ ಸ್ಪಿಟ್‌ಫೈರ್ ಇಟ್ಕೊಂಡಿರೋರು ಇವತ್ತಿಗೂ ಸಾವಿರಾರು ಜನ, ಹಾಗಾಗಿ ಬುಷ್ಷು, ಬೇರಿಂಗು, ಗ್ಯಾಸ್ಕೆಟ್ಟು ಹೊಸದಾಗಿ ಮಾಡ್ತಾನೇ ಇದಾರೆ, ತರಿಸ್ಕೋಬಹುದು.

ಇನ್ನೊಂದು ವಿಷ್ಯ, ಇದನ್ನ ಮನೇಲಿ ಮಾಡಕ್ಕಾಗೋದೇ ಇದರಿಂದ. ಆಗ ಟ್ರಯಂಫ್‌ನವ್ರಿಗೆ ಇಡೀ ಬಾಡಿ ಒಂದೇ ಕಡೆ ಒತ್ತಿಕೊಡೋ ಫ್ಯಾಕ್ಟ್ರಿ ಸಿಗ್ಲಿಲ್ಲ, ಬಾಡಿ ಮಾಡಿಕೊಡ್ತಿದ್ದೋರನ್ನ ಎದುರು ಕಂಪ್ನಿಯವ್ರು ಕೊಂಡ್ಕೊಂಬಿಟ್ಟಿದ್ರು, ಅದಕ್ಕೆ ಕೆಳಗೆ ಲಾರಿ ಥರ ಬೇರೆ ಚಾಸಿ ಇಟ್ಟು ಬಾಡೀನ ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟ್ ಹಾಕಿ ಜೋಡಿಸಿದ್ರು. ಅವ್ರ ಕಷ್ಟ ನಮಗೆ ಅನುಕೂಲ ಆಯ್ತು. ಪಾನಾ ಸೆಟ್ ಇದ್ರೆ ಇಡೀ ಕಾರು ಬಿಚ್ಚಬಹುದು. ಬಾನೆಟ್ ಅಂತೂ ಎರಡೂ ಪಕ್ಕದ ಕ್ಯಾಚ್ ಬಿಚ್ಚಿದ್ರೆ ಮಡ್‌ಗಾರ್ಡು ಹೆಡ್‌ಲೈಟು ಎಲ್ಲಾ ಸೇರಿ ಮುಂದಕ್ಕೆ ಮಗುಚ್ಕೊಳ್ಳತ್ತೆ, ಮುಂದಿನ ಟೈರ್ ಮೇಲೆ ಕೂತ್ಕೊಂಡು ಕಾರ್ಬ್ಯುರೇಟರ್ ಕೆಲ್ಸ ಮಾಡಬಹುದು. ಮಳೆಗಾಲದ ಎಷ್ಟೋ ಸಂಜೆ ನಾನು ಅಲ್ಲೇ ಕೂತಿದ್ದೆ, ಹೆಂಡ್ತಿ ಕಾಫಿ ತಂದು ಇನ್ನೊಂದು ಟೈರ್ ಮೇಲೆ ಕೂರ್ತಿದ್ಲು.

ಮೊದ್ಲು ನಾನು ಮಾಡಿದ ತಪ್ಪು ಹೇಳ್ಬಿಡ್ತೀನಿ. ಕಾರು ಬಂದ ತಿಂಗಳಲ್ಲೇ ಬಾಗಿಲು ಎರಡೂ ಬಿಚ್ಚಿ ಪೇಂಟಿಗೆ ಕೊಟ್ಟೆ, ಒಂದಾದ್ರೂ ಹೊಳೆಯೋದು ಕಣ್ಣಿಗೆ ಕಂಡ್ರೆ ಮನೆಯವ್ರಿಗೂ ಹುಮ್ಮಸ್ಸು ಬರತ್ತೆ ಅಂತ. ಆಮೇಲೆ ಚಾಸಿ ಕೆಲ್ಸ ಆಗಿ ಬಾಡಿ ಕೂರಿಸೋವಾಗ ಬಾಗಿಲು ಹತ್ತು ಸಲ ಹಾಕಿ ತೆಗೆದು ಅಂಚೆಲ್ಲಾ ಸಿಪ್ಪೆ ಎದ್ದೋಯ್ತು, ಎರಡನೇ ಸಲ ಪೇಂಟಿಗೆ 8,000. ಆವತ್ತಿಂದ ಲೆಕ್ಕ ಬದಲಾಯಿಸ್ದೆ. ನಿಲ್ಲಿಸೋದು, ತಿರುಗಿಸೋದು, ಹಿಡ್ಕೊಳೋದು, ಅಂದ್ರೆ ಬ್ರೇಕು, ಸ್ಟೇರಿಂಗು, ಚಾಸಿ, ಇವು ಮೂರೂ ಮುಗಿಯೋ ತನಕ ಕಣ್ಣಿಗೆ ಕಾಣೋ ಯಾವ ಕೆಲ್ಸಕ್ಕೂ ಒಂದು ರೂಪಾಯಿ ಇಲ್ಲ. ದುಡ್ಡು ಕಮ್ಮಿ ಇದ್ದೋರು ಈ ಕ್ರಮ ತಪ್ಪಿಸ್ಲೇಬಾರ್ದು, ಯಾಕಂದ್ರೆ ದುಡ್ಡು ಅರ್ಧದಲ್ಲಿ ಖಾಲಿ ಆದ್ರೆ ಪ್ರೈಮರ್ ಬಣ್ಣದ ಓಡೋ ಕಾರಾದ್ರೂ ಉಳಿಯತ್ತೆ. ಪೇಂಟ್ ಮೊದ್ಲು ಮಾಡಿದ್ರೆ ಹೊಳೆಯೋ ಗುಜರಿ.

ಚಾಸಿಯ ಎರಡು ಮುಖ್ಯ ಕಂಬಿ ಗಟ್ಟಿಯಾಗಿದ್ವು, ಪಕ್ಕಕ್ಕೆ ಚಾಚಿರೋ ಕೈಗಳು, ಅಂದ್ರೆ ಬಾಡೀನ ಹೊತ್ಕೊಳೋ ಔಟ್‌ರಿಗರ್‌ಗಳು, ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಪ್ಪಳದ ಥರ ಒಳಗೆ ಹೋಗ್ತಿತ್ತು. ಒಂದು ವರ್ಕ್‌ಶಾಪಿನವ್ರು ಬಂದು ಮಾಮೂಲಿ ಆರ್ಕ್ ವೆಲ್ಡಿಂಗಲ್ಲೇ ಹಾಕ್ತೀನಿ ಅಂತ ಶುರು ಮಾಡಿ ತೆಳು ಶೀಟೆಲ್ಲಾ ಸುಟ್ಟು ತೂತು ಮಾಡಿದ್ರು, ಅವತ್ತೇ ನಿಲ್ಲಿಸ್ಬಿಟ್ಟೆ. ಬಸ್ ಬಾಡಿ ಕಟ್ಟೋ ಕಡೆ ಸಿಓಟು ವೆಲ್ಡಿಂಗ್, ಅಂದ್ರೆ ತೆಳು ಶೀಟಿಗೂ ಆಗೋ ಗ್ಯಾಸ್ ಬಿಟ್ಟು ಮಾಡೋ ವೆಲ್ಡಿಂಗ್, ಮಾಡೋ ಹುಡುಗನ್ನ ಕರ್ಕೊಂಡ್ ಬಂದೆ, 16 ಗೇಜ್ ಶೀಟಲ್ಲಿ ಔಟ್‌ರಿಗರ್ ಮಡಿಸಿ ನಾಲ್ಕು ಭಾನುವಾರದಲ್ಲಿ ಮುಗಿಸ್ದ. ಒಂದು ಮಾತು, ನಾಲ್ಕೂ ಒಟ್ಟಿಗೆ ಕಡೀಬಾರ್ದು, ಒಂದು ಕಡಿದು ಅದನ್ನ ಕೂರಿಸಿ ಆಮೇಲೆ ಇನ್ನೊಂದು, ಇಲ್ದಿದ್ರೆ ಬಾಡಿ ಸೊಟ್ಟ ಆಗತ್ತೆ. ಬಾಡಿಗೂ ಚಾಸಿಗೂ ಮಧ್ಯೆ ರಬ್ಬರ್ ಪ್ಯಾಡು ತಗಡಿನ ಬಿಲ್ಲೆಗಳು ಇರ್ತವೆ, ಒಂದೊಂದು ಜಾಗದಲ್ಲಿ ಒಂದೊಂದು ಲೆಕ್ಕ. ಅದನ್ನ ಬಿಚ್ಚೋವಾಗ ಯಾವ ಜಾಗದ್ದು ಎಷ್ಟು ಅಂತ ಬರ್ದು ಕವರಲ್ಲಿ ಹಾಕಿಡಿ. ಬಾಗಿಲು ಸರಿಯಾಗಿ ಕೂರೋದು ಕೀಲಿನಿಂದ ಅಲ್ಲ, ಈ ಬಿಲ್ಲೆಗಳಿಂದ. ನಮ್ಮ ಕಾರಿನ ಎಡಗಡೆ ಬಾಗಿಲು ನಾನು ಚಿಕ್ಕವ್ನಿದ್ದಾಗಿಂದ ಜೋತು ಬಿದ್ದಿತ್ತು, "ಸ್ವಲ್ಪ ಎತ್ತಿ ಹಾಕು" ಅಂತ ದೊಡ್ಡಪ್ಪ ಹತ್ತಿದೋರಿಗೆಲ್ಲಾ ಹೇಳ್ತಿದ್ರು. ನೋಡಿದ್ರೆ ಆ ಪಕ್ಕದ ಒಂದು ಪ್ಯಾಡ್ ಪುಡಿಯಾಗಿ ಹೋಗಿತ್ತು, ಎರಡು ಬಿಲ್ಲೆ ಸೇರಿಸಿ ಹೊಸ ಪ್ಯಾಡ್ ಹಾಕ್ದೆ, ಅಷ್ಟೇ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಹೆರಾಲ್ಡ್ ಇರೋರು ಇಡೀ ಬರಹದಲ್ಲಿ ಇದೊಂದನ್ನ ಓದಿದ್ರೂ ಸಾಕು. ಮುಂದಿನ ಚಕ್ರ ಹಿಡ್ಕೊಂಡಿರೋ ನಿಂತ ಕಂಬಿಯ ತುದಿಗೆ ಮರೆ, ಅಂದ್ರೆ ಬೋಲ್ಟಿಗೆ ಇರೋ ಥರದ ಸುತ್ತು ಗೆರೆ, ಇರತ್ತೆ, ಅದು ಕೆಳಗಡೆ ಹಿತ್ತಾಳೆ ಬಣ್ಣದ ಒಂದು ಗುಂಡಿಯೊಳಗೆ ತಿರುಚಿಕೊಂಡು ಕೂತಿರತ್ತೆ, ಅದಕ್ಕೆ ಟ್ರನಿಯನ್ ಅಂತಾರೆ. ಸ್ಟೇರಿಂಗ್ ತಿರುಗಿಸಿದಾಗೆಲ್ಲಾ ಈ ಮರೆ ಒಳಗೆ ತಿರುಗತ್ತೆ. ಅದಕ್ಕೆ ಹಾಕ್ಬೇಕಾಗಿರೋದು 90 ನಂಬರ್ ಗೇರ್ ಆಯಿಲ್, ಗ್ರೀಸ್ ಅಲ್ಲ. ನಮ್ಮಲ್ಲಿ ನಿಪ್ಪಲ್ ಕಂಡ ಕೂಡ್ಲೆ ಗ್ರೀಸ್ ಗನ್ ಇಟ್ಟು ಹೊಡೆಯೋದೇ ಅಭ್ಯಾಸ, ಬೇರೆ ಸುಮಾರು ಗಾಡಿಗೆ ಅದೇ ಸರಿ. ನಾನು ಎಡಗಡೇದು ಬಿಚ್ಚಿದಾಗ ಒಳಗಿನ ಹಳೇ ಗ್ರೀಸು ಮೇಣದಬತ್ತಿ ಕರಗಿ ಆರಿದ್ಮೇಲೆ ಇರತ್ತಲ್ಲ ಹಂಗೆ ಗಟ್ಟಿಯಾಗಿ ಬಾಯಲ್ಲೇ ನಿಂತಿತ್ತು, ಅದರ ಕೆಳಗೆ ಎಣ್ಣೆ ಹನಿ ಇಲ್ಲ, ನೀರು ನಿಂತು ಕೆಂಪು ತುಕ್ಕು, ಬಟ್ಟೇಲಿ ಒರೆಸಿ ಬಿಸಿಲಿಗೆ ಹಿಡಿದು ನೋಡಿದ್ರೆ ಕೊನೇ ಮರೆಯ ಬುಡದಲ್ಲಿ ಕೂದಲೆಳೆ ಥರ ಒಂದು ಗೆರೆ. ಉಗುರು ಆಡಿಸಿದ್ರೆ ತಗುಲ್ತಿತ್ತು. ಅದು ಬಿರುಕು. ಕಂಬಿ ಅಲ್ಲೇ ಮುರಿದು ಚಕ್ರ ಮಡಿಚಿಕೊಳ್ಳತ್ತೆ, ಸಾಮಾನ್ಯವಾಗಿ ನಿಧಾನಕ್ಕೆ ಪೂರ್ತಿ ತಿರುಗಿಸೋವಾಗ. ಆ ಕಂಬಿ ಕೈಯಲ್ಲಿ ಹಿಡ್ಕೊಂಡು ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಇದೇ ಕಾರಲ್ಲಿ ನಮ್ಮನ್ನೆಲ್ಲಾ ತುಂಬ್ಕೊಂಡು ಧರ್ಮಸ್ಥಳಕ್ಕೆ ಶಿರಾಡಿ ಘಾಟಿ ಇಳಿಸಿದ್ರು ದೊಡ್ಡಪ್ಪ.

ಎರಡೂ ಕಡೆ ಕಂಬಿ, ಟ್ರನಿಯನ್ನು ಹೊಸದೇ ತರಿಸ್ದೆ, ಇದರಲ್ಲಿ ಉಳಿತಾಯ ಬೇಡ. ಎಡದ್ದು ಬಲದ್ದು ಮರೆ ಉಲ್ಟಾ ಇರತ್ತೆ, ಅದಲುಬದಲು ಆಗಲ್ಲ. ಪೂರ್ತಿ ತಿರುಚಿ ಒಂದು ಸುತ್ತಿನೊಳಗೆ ವಾಪಸ್ ಬಿಡ್ಬೇಕು, ಆಗ ಸ್ಟೇರಿಂಗ್ ಕೊನೇ ತನಕ ತಿರುಗಿಸಿದ್ರೂ ತಳಕ್ಕೆ ಹಿಡಿಯಲ್ಲ. ಒಂದು ಹಳೇ ಗ್ರೀಸ್ ಗನ್ ತೊಳ್ದು ಅದರಲ್ಲಿ ಗೇರ್ ಆಯಿಲ್ ತುಂಬಿ ಬೇರೆ ಇಟ್ಕೊಂಡಿದೀನಿ, ಮೇಲೆ ಪೇಂಟಲ್ಲಿ "ಎಣ್ಣೆ" ಅಂತ ಬರ್ದಿದೀನಿ, ಬೇರೆ ಯಾರಾದ್ರೂ ಕೈ ಹಾಕಿದ್ರೂ ಗೊತ್ತಾಗ್ಲಿ ಅಂತ.

ಹಿಂದಿನ ಕಮಾನ್ ಪಟ್ಟಿ ಕುಸಿದಿತ್ತು, ಲಾರಿ ಪಟ್ಟಿ ಕೆಲ್ಸದವ್ರ ಹತ್ರ ಮತ್ತೆ ಬಗ್ಗಿಸಿಕೊಂಡೆ. ಇದು ಅಡ್ಡಡ್ಡ ಕೂತು ಎರಡೂ ಚಕ್ರ ಹಿಡ್ಕೊಳೋ ಪಟ್ಟಿ, ಹಿಂದಿನ ಚಕ್ರಗಳು ಹಕ್ಕಿ ರೆಕ್ಕೆ ಥರ ಮೇಲೆ ಕೆಳಗೆ ಆಡ್ತವೆ. ತಿರುವಲ್ಲಿ ಜೋರಾಗಿ ಹೋಗಿ ಮಧ್ಯದಲ್ಲಿ ಏಕಾಏಕಿ ಆಕ್ಸಿಲರೇಟರ್ ಬಿಟ್ರೆ ಚಕ್ರ ಒಳಕ್ಕೆ ಮಡಿಚಿ ಹಿಂಭಾಗ ಜಾರತ್ತೆ. ತಿರುವಿಗೆ ಮುಂಚೆನೇ ಸ್ಪೀಡ್ ಇಳಿಸ್ಕೊಂಡು ಒಳಗೆ ಸಣ್ಣಗೆ ಆಕ್ಸಿಲರೇಟರ್ ಕೊಡ್ತಾ ಹೋಗೋದು ಕಲೀಬೇಕು.

ಬ್ರೇಕ್ ನಾಲ್ಕೂ ಡ್ರಮ್ಮೇ. ವೀಲ್ ಸಿಲಿಂಡರ್‌ಗಳು ಒಳಗೆ ತುಕ್ಕು ತಿಂದಿದ್ವು, ಹೊಸದು ತರಿಸೋ ಬದ್ಲು ಲೇತಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸ್ಕೊಂಡೆ, ರಬ್ಬರ್ ಕಿಟ್ ಮಾತ್ರ ಹೊಸದು. ಲೈನಿಂಗು, ಪೈಪು, ಹೋಸು ಎಲ್ಲಾ ಸೇರಿ 18,500. ಒಂದೇ ಲೈನಿನ ಬ್ರೇಕ್ ಇದು, ಎಲ್ಲಿ ಒಂದು ಪೈಪ್ ಒಡೆದ್ರೂ ನಾಲ್ಕೂ ಚಕ್ರದ್ದು ಹೋಗತ್ತೆ, ಹಾಗಾಗಿ ಹಳೇ ಹೋಸ್ ನೋಡಕ್ಕೆ ಚೆನ್ನಾಗಿದೆ ಅಂತ ಬಿಡ್ಬೇಡಿ.

ಇಂಜಿನ್ ಜಾಮ್ ಆಗಿತ್ತು. ಬ್ಯಾಟ್ರಿ ಹಾಕಿ ಸೆಲ್ಫ್ ಹೊಡೀಬೇಡಿ, ರಿಂಗ್ ಮುರೀತವೆ. ನಾಲ್ಕೂ ಪ್ಲಗ್ ತೆಗೆದು ಡೀಸೆಲ್ಲು ಮತ್ತೆ ಪವರ್ ಸ್ಟೇರಿಂಗಿಗೆ ಹಾಕೋ ಎಟಿಎಫ್ ಆಯಿಲ್ ಅರ್ಧ ಅರ್ಧ ಬೆರ್ಸಿ ಸುರ್ದೆ, ದಿನಾ ಸಂಜೆ ನೋಡಿ ಇಳಿದಷ್ಟು ಮತ್ತೆ ತುಂಬ್ತಿದ್ದೆ. ಹನ್ನೆರಡನೇ ದಿನ ಟಾಪ್ ಗೇರಿಗೆ ಹಾಕಿ ನಾನೂ ಅಪ್ಪನೂ ಕಾರನ್ನ ಹಿಂದೆ ಮುಂದೆ ಅಲ್ಲಾಡಿಸ್ತಾ ಇದ್ವಿ, ಟಕ್ ಅಂತ ಬಿಟ್ಕೊಳ್ತು. ಅಪ್ಪ ಮಾತಾಡ್ಲಿಲ್ಲ, ಬಾನೆಟ್ ಮೇಲೆ ಕೈ ಇಟ್ಟು ನಿಂತ್ರು.

ಬಿಟ್ಕೊಂಡಿದ್ದೇ ಖುಷಿ ಅಂತ ಸ್ಟಾರ್ಟ್ ಮಾಡಿದ್ರೆ ಅಲ್ಲೂ ಮೋಸ ಹೋಗ್ತಿದ್ದೆ. ಈ ಇಂಜಿನ್ನಿಗೆ ಒಂದು ಹಳೇ ಕಾಯಿಲೆ ಇದೆ. ಕ್ರ್ಯಾಂಕ್, ಅಂದ್ರೆ ಇಂಜಿನ್ ಒಳಗೆ ತಿರುಗೋ ಮುಖ್ಯ ದಂಡ, ಹಿಂದೆ ಮುಂದೆ ಜಾರದಂಗೆ ತಡೆಯೋಕೆ ಹಿಂದಿನ ಮೇನ್ ಬೇರಿಂಗ್ ಹತ್ರ ಅರ್ಧಚಂದ್ರದ ಎರಡು ವಾಷರ್ ಇರ್ತವೆ, ಸವೆದ್ರೆ ಕಳಚಿ ಸಂಪ್‌ನೊಳಗೆ, ಅಂದ್ರೆ ಇಂಜಿನ್ ಕೆಳಗಿನ ಎಣ್ಣೆ ತೊಟ್ಟಿಗೆ, ಬೀಳ್ತವೆ, ಆಮೇಲೆ ಕ್ರ್ಯಾಂಕು ಬ್ಲಾಕನ್ನೇ ತಿನ್ನತ್ತೆ, ಅಲ್ಲಿಗೆ ಇಂಜಿನ್ ಕಥೆ ಮುಗೀತು. ಪರೀಕ್ಷೆ ಸುಲಭ. ಒಬ್ರು ಒಳಗೆ ಕೂತು ಕ್ಲಚ್ ಒತ್ತಿ ಬಿಡ್ತಿರ್ಬೇಕು, ಇನ್ನೊಬ್ರು ಮುಂದಿನ ಪುಲ್ಲಿ ನೋಡ್ಬೇಕು. ಅಳತೆ ಪ್ರಕಾರ 4ರಿಂದ 8 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಅಷ್ಟೇ ಆಡಬೇಕು, ಬರಿಗಣ್ಣಿಗೆ ಕಂಡೂ ಕಾಣದಂಗೆ. ಅಪ್ಪ ಕ್ಲಚ್ ಒತ್ತಿದ್ರೆ ನಮ್ಮದು ಕಣ್ಣಿಗೆ ರಾಚೋ ಹಂಗೆ ಮುಂದೆ ಬರ್ತಿತ್ತು. ಸಂಪ್ ಬಿಚ್ಚಿದ್ರೆ ಒಂದು ವಾಷರ್ ಆಗ್ಲೇ ಕೆಳಗೆ ಎಣ್ಣೆ ಗಸಿಯಲ್ಲಿ ಮಲಗಿತ್ತು, ಬ್ಲಾಕಿಗೆ ಇನ್ನೂ ಏಟಾಗಿರ್ಲಿಲ್ಲ. ದಪ್ಪ ಸೈಜಿನ ವಾಷರ್ ಸಿಗ್ತವೆ, ಗೀರು ಇರೋ ಮುಖ ಕ್ರ್ಯಾಂಕ್ ಕಡೆಗೆ ಬರಬೇಕು. ಹೆಂಗೂ ಬಿಚ್ಚಾಗಿತ್ತು ಅಂತ ಬೇರಿಂಗು, ರಿಂಗು ಹಾಕಿ, ಬೋರ್ ಸವೆತ ಮಿತಿಯಲ್ಲೇ ಇದ್ದಿದ್ರಿಂದ ಹೋನಿಂಗ್, ಅಂದ್ರೆ ಸಿಲಿಂಡರ್ ಒಳಮೈ ಸಣ್ಣಗೆ ಉಜ್ಜೋದು, ಮಾತ್ರ ಮಾಡಿಸ್ದೆ. ಹೆಡ್ಡಲ್ಲಿ ಎಗ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟ್ ಕೂರಿಸಿದೀನಿ, ಈ ಇಂಜಿನ್ನು ಸೀಸದ ಪೆಟ್ರೋಲಿಗೆ ಮಾಡಿದ್ದು, ನಮ್ಮ ದೇಶದಲ್ಲಿ ಅದು 2000ದಲ್ಲೇ ನಿಂತೋಯ್ತು. ಇಂಜಿನ್ ಬಾಬ್ತು 46,000.

ಪೆಟ್ರೋಲಿನ ವಿಷ್ಯಕ್ಕೆ ಬಂದ್ರೆ, ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರಿಗೆ ಆಗಿಬರಲ್ಲ. ಮಾಮೂಲಿ ಪೈಪ್ ಹಾಕಿದ್ದೆ, ಮೂರು ತಿಂಗಳಿಗೆ ಮೆತ್ತಗಾಗಿ ಬಿಸಿ ಇಂಜಿನ್ ಪಕ್ಕದಲ್ಲೇ ಜಿನುಗ್ತಿತ್ತು, ವಾಸ್ನೆ ಬಂದು ನೋಡಿದ್ದಕ್ಕೆ ಉಳೀತು. ಫ್ಯೂಯಲ್ ಇಂಜೆಕ್ಷನ್ ಗಾಡಿಗೆ ಹಾಕೋ ಪೈಪನ್ನೇ ಹಾಕಿ, ಪಂಪಿನ ಡಯಾಫ್ರಾಮ್ ಕೂಡ ಬದಲಾಯಿಸಿ. ವೈರಿಂಗ್ ಪೂರ್ತಿ ನಾನೇ ಕಟ್ಟಿದ್ದು. ಹೆರಾಲ್ಡ್ ಕಾಲದ ಹಳೇ ಕಾರಲ್ಲಿ ಬ್ಯಾಟ್ರಿ ಪ್ಲಸ್ಸು ಬಾಡಿಗೆ ಹೋಗಿರತ್ತೆ, ಬೇರೆ ಗಾಡಿಯಿಂದ ಕೇಬಲ್ ಕೊಟ್ಟು ಸ್ಟಾರ್ಟ್ ಮಾಡೋರು ಜ್ಞಾಪಕ ಇಟ್ಕೊಳಿ. ಟೈರಿಗೆ ಪರದಾಟ ಇಲ್ಲ, 13 ಇಂಚಿನ 155 ಸೈಜ್ ಹಾಕಿದೀನಿ. ಸಣ್ಣಪುಟ್ಟ ಸಾಮಾನಿಗೆ ಬೆಂಗ್ಳೂರಿನ ಜೆಸಿ ರೋಡು, ಶಿವಾಜಿನಗರದ ಗುಜರಿ ಸುತ್ತಿದೀನಿ, ಹೆರಾಲ್ಡ್ ಬಾಗಿಲಿನ ಹಿಡಿ ಒಂದು ಮೂರನೇ ಸಲಕ್ಕೆ ಸಿಕ್ತು.

ಆರ್‌ಸಿ ಕೆಲ್ಸ ಮೊದ್ಲೇ ಶುರು ಮಾಡಿ, ಇದು ಬೇರೆ ಎಲ್ಲಕ್ಕಿಂತ ನಿಧಾನ. ದೊಡ್ಡಪ್ಪನ ಹೆಸರಿಂದ ಬದಲಾಯಿಸ್ಬೇಕಿತ್ತು, ಡೆತ್ ಸರ್ಟಿಫಿಕೇಟು, ವಾರಸುದಾರರ ಒಪ್ಪಿಗೆ, ಎಫ್‌ಸಿ. 50 ವರ್ಷ ದಾಟಿದ ಗಾಡಿಗೆ 2021ರಲ್ಲಿ ವಿಂಟೇಜ್ ರಿಜಿಸ್ಟ್ರೇಷನ್ ಅಂತ ಬೇರೆ ನಿಯಮ ಬಂದಿದೆ, ಆದ್ರೆ ಅದರಲ್ಲಿ ದಿನಾ ಓಡಿಸೋ ಹಂಗಿಲ್ಲ. ನಂಗೆ ಓಡಿಸ್ಬೇಕಿತ್ತು, ಹಾಗಾಗಿ ಮಾಮೂಲಿ ದಾರೀಲೇ ಹೋದೆ, ಹಳೇ ಎಂವೈ ನಂಬರ್ ಉಳೀತು.

ಪೇಂಟ್ ಕೊನೇಲಿ ಮಾಡಿಸ್ದೆ, ಅದೇ ಹಳೇ ತಿಳಿ ನೀಲಿ. ಮುಗಿದ ಮೊದಲ್ನೇ ಭಾನುವಾರ ಸಕಲೇಶಪುರಕ್ಕೆ ಹೋದೆ, 40 ಕಿಲೋಮೀಟರು, ಎಲ್ಲೂ ನಿಲ್ಲಿಸ್ಲಿಲ್ಲ. ದೊಡ್ಡಮ್ಮ ಅಂಗಳಕ್ಕೆ ಬಂದು ಒಂದು ಸುತ್ತು ಹಾಕಿ ನೋಡಿದ್ರು, ಆಮೇಲೆ ಸೆರಗು ಸರಿ ಮಾಡ್ಕೊಂಡು ಎಡಗಡೆ ಸೀಟಲ್ಲಿ ಕೂತು, ನನ್ನ ಕೇಳ್ದೆ, ಎರಡೂ ಕೈಯಲ್ಲಿ ಬಾಗಿಲು ಹಿಡ್ಕೊಂಡು ಸ್ವಲ್ಪ ಮೇಲಕ್ಕೆ ಎತ್ತಿ ಎಳ್ಕೊಂಡ್ರು. "ಈಗ ಎತ್ತೋದು ಬೇಡ ದೊಡ್ಡಮ್ಮ, ಸರಿ ಮಾಡಿದೀನಿ" ಅಂದೆ. ಅವ್ರು ಇನ್ನೊಂದು ಸಲ ತೆಗೆದು, ಎತ್ತದೇ ಹಾಕಿ ನೋಡಿದ್ರು. "ನಿಮ್ಮ ದೊಡ್ಡಪ್ಪಂಗೆ ಇದು ಗೊತ್ತೇ ಆಗ್ಲಿಲ್ಲ ನೋಡು" ಅಂದ್ರು, "ನಡಿ, ದೇವಸ್ಥಾನದ ತನಕ ಹೋಗಿ ಬರೋಣ."