ಮೂರೂವರೆ ವ್ಯಾಟ್‌ಗೆ ಜೋಡಿ ಹುಡುಕಿದ್ದು

ನನ್ನದು ಟ್ಯೂಬ್ ಆಂಪ್, ಅಂದರೆ ಗಾಜಿನ ವಾಲ್ವ್‌ಗಳಿಂದ ಓಡುವ ಆಂಪ್ಲಿಫೈಯರ್. ಸ್ಪೀಕರ್ ಓಡಿಸಲು ಚಾನೆಲ್‌ಗೆ (ಎಡ, ಬಲ ಒಂದೊಂದು ಬದಿಗೆ) ಒಂದೇ ಒಂದು 2ಎ3 ಟ್ಯೂಬ್. ಬರುವುದು ಮೂರೂವರೆ ವ್ಯಾಟ್, ಅಷ್ಟೇ. ಮೊದಲು ಅದನ್ನು ಮನೆಯಲ್ಲೇ ಇದ್ದ ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್‌ಗೆ ಜೋಡಿಸಿದೆ. ಬರೀ ಹಾಡುಗಾರಿಕೆ ಇರುವವರೆಗೆ ಸೊಗಸಾಗಿತ್ತು. ಮೃದಂಗ ಸೇರಿದ ಕೂಡಲೇ ಪೆಟ್ಟೆಲ್ಲ ಮೆತ್ತಗಾಯಿತು, ದಿಂಬಿಗೆ ಹೊಡೆದ ಹಾಗೆ. ವಾಲ್ಯೂಮ್ ಏರಿಸಿದರೆ ಸದ್ದು ಏರಲಿಲ್ಲ, ದನಿ ಒರಟಾಯಿತು.

ಸ್ಪೀಕರ್ ಹಿಂದೆ 85 ಡೆಸಿಬೆಲ್ ಎಂದಿತ್ತು, ಅಂದರೆ ಇಂತಿಷ್ಟು ವಿದ್ಯುತ್ತಿಗೆ ಒಂದು ಮೀಟರ್ ದೂರದಲ್ಲಿ ಅದು ಕೊಡುವ ಸದ್ದು. ಪರವಾಗಿಲ್ಲ ಅಂದುಕೊಂಡಿದ್ದೆ. ಸಣ್ಣ ಅಕ್ಷರ ಆಮೇಲೆ ಓದಿದೆ: 2.83 ವೋಲ್ಟ್‌ಗೆ, 4 ಓಮ್. ಎಂಟು ಓಮ್‌ಗೆ 2.83 ವೋಲ್ಟ್ ಕೊಟ್ಟರೆ ಒಂದು ವ್ಯಾಟ್. ನಾಲ್ಕು ಓಮ್‌ಗೆ ಅದೇ ವೋಲ್ಟ್ ಅಂದರೆ ಎರಡು ವ್ಯಾಟ್! ವ್ಯಾಟ್ ಅರ್ಧವಾದರೆ ಮೂರು ಡೆಸಿಬೆಲ್ ಕಡಿಮೆ, ಹಾಗಾಗಿ ಒಂದು ವ್ಯಾಟ್ ಲೆಕ್ಕಕ್ಕೆ ತಂದರೆ ಆ ಸ್ಪೀಕರ್ 82 ಮಾತ್ರ. ಮೂರೂವರೆ ವ್ಯಾಟ್ ಪೂರ್ತಿ ಸುರಿದರೂ ಒಂದು ಮೀಟರ್ ದೂರದಲ್ಲಿ 87ರ ಆಸುಪಾಸು. ನಾನು ಕೂರುವುದು ಎರಡೂವರೆ ಮೀಟರ್ ಆಚೆ. ಸಂಗೀತದಲ್ಲಿ ಒಂದೊಂದು ಪೆಟ್ಟು ಸರಾಸರಿಗಿಂತ 10–15 ಡೆಸಿಬೆಲ್ ಮೇಲೆ ಹಾರುತ್ತದೆ. ಅದಕ್ಕೆ ಜಾಗವೇ ಉಳಿದಿರಲಿಲ್ಲ.

ಹಾಗಾಗಿ 94 ಡೆಸಿಬೆಲ್‌ನ, 8 ಓಮ್‌ನ ದೊಡ್ಡ ಪೆಟ್ಟಿಗೆ ತಂದೆ. 82ರಿಂದ 94ಕ್ಕೆ 12 ಡೆಸಿಬೆಲ್. ಪ್ರತಿ ಮೂರು ಡೆಸಿಬೆಲ್‌ಗೆ ವ್ಯಾಟ್ ದುಪ್ಪಟ್ಟು ಬೇಕು. ಅಂದರೆ ಹಳೆ ಸ್ಪೀಕರ್‌ಗೆ 56 ವ್ಯಾಟ್ ಆಂಪ್ ಹಾಕಿದಷ್ಟೇ ಲಾಭ. ಸದ್ದಿನ ಕೊರತೆ ಅಲ್ಲಿಗೆ ಮುಗಿಯಿತು.

ಆದರೆ ಈಗ ಬೇಸ್ ಗುಂಯ್‌ಗುಡತೊಡಗಿತು. ಗಂಡು ದನಿಗಳೆಲ್ಲ ಕೊಡದೊಳಗಿಂದ ಹಾಡಿದ ಹಾಗೆ. ಕೋಣೆಯದೇ ತಪ್ಪು ಅಂತ ವಾರವಿಡೀ ಸೋಫಾ ತಳ್ಳಾಡಿದ್ದೇ ಬಂತು. ಕೊನೆಗೆ ಮಲ್ಟಿಮೀಟರ್ ತೆಗೆದೆ.

ಸ್ಪೀಕರ್ ಜೊತೆ ಸೀರೀಸ್‌ನಲ್ಲಿ 10 ಓಮ್‌ನ ರೆಸಿಸ್ಟರ್ ಹಾಕಿ, ಫೋನಿನಿಂದ 40 ಹರ್ಟ್ಸ್‌ನಿಂದ 400ರವರೆಗೆ ಒಂದೊಂದೇ ಟೋನ್ ಮೆಲ್ಲಗೆ ಹಾಕುತ್ತಾ ಹೋದೆ. ಸ್ಪೀಕರ್ ಮೇಲಿನ ವೋಲ್ಟನ್ನು ರೆಸಿಸ್ಟರ್ ಮೇಲಿನ ವೋಲ್ಟಿನಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ ಇಂಪೀಡೆನ್ಸ್, ಅಂದರೆ ಆ ಟೋನ್‌ಗೆ ಸ್ಪೀಕರ್ ಒಡ್ಡುವ ತಡೆ, ಓಮ್‌ನಲ್ಲಿ ಸಿಗುತ್ತದೆ. ಅಗ್ಗದ ಮೀಟರ್‌ಗಳು ಇದಕ್ಕಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ಸುಳ್ಳು ಹೇಳುತ್ತವೆ, ಅದಕ್ಕೇ 400ಕ್ಕೆ ನಿಲ್ಲಿಸಿದ್ದು. ಹೆಸರಿಗೆ ಎಂಟು ಓಮ್. 70 ಹರ್ಟ್ಸ್ ಹತ್ತಿರ ಅದು 30 ಓಮ್‌ಗೆ ಏರಿತ್ತು, 200ರ ಬಳಿ ಐದಕ್ಕೆ ಇಳಿದಿತ್ತು.

ಸ್ಪೀಕರ್‌ಗಳು ಇರುವುದೇ ಹೀಗೆ. ಟ್ರಾನ್ಸಿಸ್ಟರ್ ಆಂಪ್‌ಗೆ ಈ ಏರಿಳಿತದಿಂದ ಹೆಚ್ಚೇನೂ ಆಗುವುದಿಲ್ಲ, ಅದರ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನ ಒಳಗಿನದೇ ತಡೆ) ತೀರಾ ಕಡಿಮೆ. ನನ್ನ ಆಂಪಿನದ್ದು ಎಷ್ಟು? ಸ್ಪೀಕರ್ ಬದಲು 8 ಓಮ್ ರೆಸಿಸ್ಟರ್ ಹಾಕಿದಾಗ 2.00 ವೋಲ್ಟ್, ವಾಲ್ಯೂಮ್ ಮುಟ್ಟದೆ 16 ಓಮ್ ಹಾಕಿದಾಗ 2.29. ಲೆಕ್ಕ ಹಾಕಿದರೆ 2.7 ಓಮ್. ಎಲ್ಲಿ ಸ್ಪೀಕರ್ ಇಂಪೀಡೆನ್ಸ್ ಜಾಸ್ತಿಯೋ ಅಲ್ಲಿ ಅದಕ್ಕೆ ಹೆಚ್ಚು ವೋಲ್ಟ್ ಸಿಗುತ್ತದೆ. 70 ಹರ್ಟ್ಸ್ 200ಕ್ಕಿಂತ ಸುಮಾರು ಮೂರು ಡೆಸಿಬೆಲ್ ಎದ್ದು ಕೂತಿತ್ತು. ಪಾಪ, ಸೋಫಾದ್ದೇನು ತಪ್ಪು!

ಆಂಪಿನ ಹಿಂದೆ ಸ್ಪೀಕರ್ ತಂತಿ ಸಿಕ್ಕಿಸಲು 4 ಓಮ್ ಮತ್ತು 8 ಓಮ್ ಅಂತ ಎರಡು ಟ್ಯಾಪ್ ಇವೆ. ಎಂಟು ಓಮ್ ಸ್ಪೀಕರ್‌ಗೆ ಎಂಟರ ಟ್ಯಾಪ್ ಅಂತ ಯೋಚಿಸದೆ ಹಾಕಿದ್ದೆ. ಆಂಪ್ ಆಫ್ ಮಾಡಿ ತಂತಿಯನ್ನು ನಾಲ್ಕಕ್ಕೆ ಬದಲಿಸಿದೆ. ಟ್ಯೂಬ್ ಆಂಪ್ ಆನ್ ಇರುವಾಗ ಸ್ಪೀಕರ್ ತಂತಿ ಬಿಚ್ಚಬಾರದು, ಸ್ಪೀಕರಿನಂಥ ಲೋಡ್ ಇಲ್ಲದೆ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ನಾಲ್ಕರ ಟ್ಯಾಪ್‌ನಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚುಕಮ್ಮಿ ಅರ್ಧ. ಮೂರು ಡೆಸಿಬೆಲ್ ಗುಡ್ಡ 1.7ಕ್ಕೆ ಇಳಿಯಿತು. ಡಿಸ್ಟಾರ್ಷನ್ (ದನಿಯ ವಿಕಾರ) ಕೂಡ ತಗ್ಗುತ್ತದೆ. ಬದಲಿಗೆ ಗರಿಷ್ಠ ವ್ಯಾಟ್ ಒಂದಿಷ್ಟು ಹೋಗುತ್ತದೆ, ಆದರೆ 94 ಡೆಸಿಬೆಲ್ ಸ್ಪೀಕರ್ ಇರುವಾಗ ಅದನ್ನು ಯಾರು ಕೇಳುತ್ತಾರೆ?

ನಿಜವಾಗಿ ಎಷ್ಟು ಖರ್ಚಾಗುತ್ತಿದೆ ನೋಡೋಣ ಅಂತ ಒಂದು ಸಂಜೆ ಸ್ಪೀಕರ್ ಟರ್ಮಿನಲ್‌ಗೆ ಮೀಟರ್ ಕಚ್ಚಿಸಿ ಹಾಡು ಹಾಕಿದೆ. ಮಾತು ಕೇಳಿಸದಷ್ಟು ಜೋರಿಟ್ಟಾಗಲೂ ಮುಳ್ಳು ಎರಡು ವೋಲ್ಟ್ ದಾಟಲಿಲ್ಲ. ಅಂದರೆ ಅರ್ಧ ವ್ಯಾಟ್. ಮುಳ್ಳಿನ ಮೀಟರ್ ಕ್ಷಣಿಕ ಪೆಟ್ಟುಗಳನ್ನು ಹಿಡಿಯುವುದಿಲ್ಲ, ಅದು ಬೇರೆ ಮಾತು. ಆದರೆ ಮೃದಂಗದ ಪೆಟ್ಟು ಈಗ ಮೆತ್ತಗಿಲ್ಲ.

ಉಳಿದ 1.7 ಡೆಸಿಬೆಲ್‌ಗೆ, ಬೇಸ್ ಇನ್ನಷ್ಟು ತಗ್ಗಲಿ ಅಂತ, ಪೆಟ್ಟಿಗೆಗಳನ್ನು ಗೋಡೆಯಿಂದ ಒಂದು ಅಡಿ ಮುಂದಕ್ಕೆ ಎಳೆದೆ. ಸೋಫಾ ತನ್ನ ಹಳೆ ಜಾಗಕ್ಕೆ ವಾಪಸ್ ಹೋಯಿತು.