ಗುಜರಿ ಕಬ್ಬಿಣದ ಕೊಕ್ಕರೆಗೆ ಅಳಲೆಕಾಯಿ ಕಷಾಯ: ಬಣ್ಣ ಬಳಿಯದೆ ಮಳೆಯಲ್ಲಿ ನಿಲ್ಲಿಸಿದ ನನ್ನ ಅನುಭವ

ಶಿಡ್ಲಘಟ್ಟದ ಕಡೆಯ ನನ್ನ ವೆಲ್ಡಿಂಗ್ ಶೆಡ್ಡಿನಲ್ಲಿ ತಯಾರಾಗಿ, ನಂದಿಬೆಟ್ಟದ ತಪ್ಪಲಿನ ಒಂದು ತೋಟದ ಮನೆಯ ಮುಂದೆ ನಿಂತಿರುವ ಜೋಡಿ ಕೊಕ್ಕರೆಗಳು ಈಗ ನಾಲ್ಕೈದು ಮಳೆಗಾಲಗಳನ್ನು ದಾಟಿವೆ. ಅವುಗಳ ಮೈಮೇಲೆ ಪ್ರೈಮರ್ ಇಲ್ಲ, ಎನಾಮೆಲ್ ಇಲ್ಲ, ಲ್ಯಾಕರ್ ಕೂಡ ಇಲ್ಲ; ಇರುವುದು ಅಳಲೆಕಾಯಿಯ ಕಷಾಯ ಮತ್ತು ತೆಳುವಾದ ಎಣ್ಣೆ ಮಾತ್ರ. ಆದರೂ ತುಕ್ಕಿನ ಹಕ್ಕಳೆ ಎದ್ದಿಲ್ಲ, ಕೆಳಗಿನ ಕಲ್ಲಿನ ಮೇಲೆ ಕೆಂಪು ನೀರು ಇಳಿದಿಲ್ಲ. ಬಣ್ಣ ಹೊಡೆಯದ ಗುಜರಿ ಕಬ್ಬಿಣ ತೋಟದಲ್ಲಿ ಬಾಳುವುದಿಲ್ಲ ಎಂದು ನಮ್ಮ ಕಸುಬಿನವರೆಲ್ಲರೂ ನನಗೆ ಹೇಳಿದ್ದರು. ಚಿಂತಾಮಣಿಯ ಹಿರಿಯ ವೆಲ್ಡರ್ ಒಬ್ಬರು, "ಲೋ ತಮ್ಮಾ, ಎರಡು ಮಳೆ ಬೀಳಲಿ, ನಿನ್ನ ಹಕ್ಕೀನ ಪೊರಕೇಲಿ ಗುಡಿಸ್ಕೊಂಡು ಹೋಗ್ಬೇಕಾಗುತ್ತೆ" ಎಂದಿದ್ದರು. ಈಗ ಅವರೇ ತಮ್ಮ ಗಿರಾಕಿಗಳ ಗೇಟುಗಳಿಗೆ ಈ ಕಷಾಯವನ್ನು ಕೇಳಿ ಒಯ್ಯುತ್ತಿದ್ದಾರೆ. ಆದ್ದರಿಂದ ಇದನ್ನು ಬರೆದಿಡುವ ಕಾಲ ಬಂದಿದೆ ಎಂದು ನನಗೆ ಅನ್ನಿಸಿತು.

ಸಾಮಗ್ರಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಸಾವಿರ ಅಡಿ ದಾಟಿಯೂ ನೀರು ಕಾಣದ ಕೊಳವೆಬಾವಿಗಳಿಂದ ಎತ್ತಿದ ಕೇಸಿಂಗ್ ಪೈಪಿನ ತುಂಡುಗಳು, ಸುಟ್ಟ ಸಬ್‌ಮರ್ಸಿಬಲ್ ಪಂಪುಗಳ ಸ್ಟೀಲ್ ಇಂಪೆಲ್ಲರ್‌ಗಳು (ನೀರು ತಳ್ಳುವ ಒಳಚಕ್ರಗಳು), ಟ್ರ್ಯಾಕ್ಟರ್ ಟ್ರೈಲರಿನ ಸ್ಪ್ರಿಂಗ್ ಪಟ್ಟಿಗಳು, ಸವೆದ ನೇಗಿಲ ಗುಳಗಳು, ಹಲ್ಲು ಹೋದ ಕುಡುಗೋಲುಗಳು ಎಲ್ಲ ಗುಜರಿ ಅಂಗಡಿಯಲ್ಲೂ ರಾಶಿ ಬಿದ್ದಿರುತ್ತವೆ. ನಾನು ಆರಂಭಿಸಿದಾಗ ಕಿಲೋಗೆ ₹25ರ ಆಸುಪಾಸಿನಲ್ಲಿದ್ದ ದರ ಈಗ ₹40ರ ಹತ್ತಿರ ಬಂದಿದೆ. ಆದರೆ ಕುಡುಗೋಲನ್ನು ಆರಿಸಿ ಕೊಳ್ಳಲು ಹೋದರೆ ಅಂಗಡಿಯವರು ಅದಕ್ಕೆ ಬೇರೆಯೇ ಬೆಲೆ ಹೇಳುತ್ತಾರೆ. ಅದಕ್ಕಾಗಿ ನಾನು ರಾಶಿಯನ್ನೇ ತೂಕಕ್ಕೆ ಕೊಂಡು, ಬೇಡದ್ದನ್ನು ಅದೇ ಅಂಗಡಿಗೆ ಎರಡು ರೂಪಾಯಿ ಕಡಿಮೆಗೆ ಹಿಂದಿರುಗಿಸುವ ಒಪ್ಪಂದ ಮಾಡಿಕೊಂಡಿದ್ದೇನೆ.

ಕೊಕ್ಕರೆಯ ಅಳತೆಯನ್ನು ಚಿತ್ರ ನೋಡಿ ತೆಗೆದದ್ದಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆಗಳ ಕೆಳಗೆ ಕುಳಿತು, ಕಾಲು, ಕತ್ತು ಮತ್ತು ಕೊಕ್ಕಿನ ಪ್ರಮಾಣವನ್ನು ಕಣ್ಣಳತೆಯಲ್ಲಿ ಗೆರೆ ಹಾಕಿಕೊಂಡು ಬಂದೆ. ಕೊಕ್ಕಿಗೆ ನೇಗಿಲ ಗುಳ, ಎದೆಗೆ ಕೇಸಿಂಗ್ ಪೈಪಿನ ಸೀಳು, ರೆಕ್ಕೆಯ ಗರಿಗಳಿಗೆ ಕುಡುಗೋಲು. ಈ ಜೋಡಣೆಯನ್ನು ನೋಡಿದವರು ಕುಡುಗೋಲೆಂದು ಗುರುತಿಸುವ ಮೊದಲು ಗರಿಯೆಂದೇ ಭಾವಿಸುತ್ತಾರೆ. ನನ್ನ ಮಟ್ಟಿಗೆ ಗುಜರಿ ಕೆಲಸದ ನಿಜವಾದ ಪರೀಕ್ಷೆ ಇದೇ.

ಮೊದಲ ಹಕ್ಕಿಗೆ ಎಲ್ಲರಂತೆ ರೆಡ್ ಆಕ್ಸೈಡ್ ಹೊಡೆಸಿ, ಮೇಲೆ ಎನಾಮೆಲ್ ಬಳಿಸಿದೆ. ಎರಡನೆಯ ಮಳೆಗಾಲದ ಹೊತ್ತಿಗೆ ಗರಿಗಳ ನಡುವಿನ ಸಂದುಗಳಲ್ಲಿ ಬಣ್ಣ ಗುಳ್ಳೆಯೆದ್ದು, ಒಳಗಿನಿಂದ ತುಕ್ಕಿನ ನೀರು ಸುರಿದು, ಗಿರಾಕಿಯ ಸಾದಹಳ್ಳಿ ಕಲ್ಲಿನ ನೆಲಹಾಸಿನ ಮೇಲೆ ಕಂದು ಗೆರೆಗಳು ಮೂಡಿದವು. ನಲವತ್ತು ಐವತ್ತು ಗರಿಗಳು ಒಂದರ ಮೇಲೊಂದು ಕುಳಿತಿರುವಲ್ಲಿ ಕುಂಚ ಒಳಕ್ಕೆ ಹೋಗುವುದೇ ಇಲ್ಲ. ಬಣ್ಣವು ಗೇಟಿಗೆ, ಗ್ರಿಲ್ಲಿಗೆ ಸರಿ. ಇಂಥ ಕೆಲಸಕ್ಕೆ ಅದು ಹೊಂದುವುದಿಲ್ಲ. ಕಲ್ಲನ್ನು ಉಜ್ಜಿಸಿ ಕೊಡಲು ₹6,000ದಷ್ಟು ಖರ್ಚಾಯಿತು. ಹಕ್ಕಿಯನ್ನು ಮಾರಿದ್ದು ₹14,000ಕ್ಕೆ. ಆ ಗಿರಾಕಿ ಮರುವರ್ಷದ ಬಣ್ಣವನ್ನೂ ನನ್ನ ಲೆಕ್ಕದಲ್ಲೇ ಕೇಳಿದರು.

ಆಮೇಲೆ ತುಕ್ಕಿನ ಬಣ್ಣವನ್ನೇ ಅಂದವೆಂದು ಇಟ್ಟುಕೊಳ್ಳುವ ಹಾದಿ ಹಿಡಿದೆ. ವಿನೆಗರ್ ಮತ್ತು ಉಪ್ಪು ಸಿಂಪಡಿಸಿದರೆ ಒಂದೇ ದಿನದಲ್ಲಿ ಚೆಂದದ ಕಿತ್ತಳೆ ಬರುತ್ತದೆ, ನಿಜ. ಆದರೆ ಉಪ್ಪು ಕಬ್ಬಿಣದ ಸೂಕ್ಷ್ಮ ರಂಧ್ರಗಳಲ್ಲಿ ಕುಳಿತು, ತೇವ ಸಿಕ್ಕಾಗಲೆಲ್ಲ ಒಳಗೊಳಗೇ ತಿನ್ನುತ್ತದೆ. ಅದರ ಮೇಲೆ ಲ್ಯಾಕರ್ ಹೊಡೆದ ನವಿಲೊಂದರಲ್ಲಿ ತುಕ್ಕು ಲ್ಯಾಕರಿನ ಅಡಿಯಲ್ಲಿ ದಾರದೆಳೆಗಳಂತೆ ಹರಿದು, ಮೇಲ್ಪದರ ಹಾಲು ಹಾಲಾಗಿ ಮಂಕಾಯಿತು. ಹಳೆಯ ಎಂಜಿನ್ ಆಯಿಲ್ ಬಳಿಯುವ ಸಲಹೆಯೂ ಬಂತು. ಅದು ಮಳೆಯಲ್ಲಿ ತೊಳೆದು ಮಣ್ಣಿಗೆ ಇಳಿಯುತ್ತದೆ. ತೋಟಕ್ಕೆಂದು ಮಾಡಿದ ವಸ್ತು ತೋಟದ ಗಿಡವನ್ನೇ ಕೊಲ್ಲುವುದನ್ನು ನಾನು ಒಪ್ಪಲಾರೆ. ಹೊಂಗೆ ಎಣ್ಣೆಯ ಮೇಲೆ ನನಗೆ ತುಂಬ ಭರವಸೆಯಿತ್ತು. ಆದರೆ ಹೊಂಗೆ ಎಣ್ಣೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ತಿಂಗಳುಗಟ್ಟಲೆ ಅಂಟಾಗಿಯೇ ಉಳಿದು, ನಮ್ಮ ಕೆಮ್ಮಣ್ಣಿನ ದೂಳನ್ನೆಲ್ಲ ಹಿಡಿದುಕೊಂಡಿತು. ಈ ಹಂತದವರೆಗೆ ಒಟ್ಟು ₹50,000ಕ್ಕೆ ಕಡಿಮೆಯಿಲ್ಲದಷ್ಟು ಹಣ ಕರಗಿತ್ತು.

ದಾರಿ ತೋರಿದ್ದು ಕಲಂಕಾರಿ ಬಟ್ಟೆ. ನಮ್ಮ ಗಡಿಯಾಚೆಗಿನ ಶ್ರೀಕಾಳಹಸ್ತಿಯಲ್ಲಿ ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರು ಮತ್ತು ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಆಮೇಲೆ ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಹುಳಿಬರಿಸಿ ತೆಗೆದ ರಸದಿಂದ ಗೆರೆ ಎಳೆಯುತ್ತಾರೆ. ಗೆರೆ ಎಳೆದ ಕಡೆಯೆಲ್ಲ ಬಟ್ಟೆ ಕಪ್ಪಾಗುತ್ತದೆ, ಒಗೆದರೂ ಹೋಗುವುದಿಲ್ಲ. ಅಳಲೆಯ ಒಗರು ಕಬ್ಬಿಣದೊಂದಿಗೆ ಕೂಡಿ ನೀರಿನಲ್ಲಿ ಕರಗದ ಕಪ್ಪಾಗುವುದೇ ಅದರ ಕಾರಣ. ಬಟ್ಟೆಯವರಿಗೆ ಕಬ್ಬಿಣವನ್ನು ಹೊರಗಿನಿಂದ ತರಬೇಕು. ನನ್ನಲ್ಲಿ ಕಬ್ಬಿಣವೂ ತುಕ್ಕೂ ಸಿದ್ಧವಾಗಿಯೇ ಇವೆ, ಅಳಲೆಯೊಂದೇ ಸಾಕು ಎಂದು ಆಗ ಹೊಳೆಯಿತು. ಅಂಗಡಿಗಳಲ್ಲಿ ಸಿಗುವ ರಸ್ಟ್ ಕನ್ವರ್ಟರ್ ಡಬ್ಬಿಗಳಲ್ಲಿ ಹಲವಕ್ಕೆ ಈ ಒಗರೇ, ಅಂದರೆ ಟ್ಯಾನಿನ್ನೇ ಆಧಾರ. ಆದರೆ ಲೀಟರಿಗೆ ಅವರು ಕೇಳುವ ಬೆಲೆಯಲ್ಲಿ ನಾನು ಐದಾರು ಹಕ್ಕಿಗಳನ್ನು ಮುಗಿಸುತ್ತೇನೆ.

ಗ್ರಂಥಿಗೆ ಅಂಗಡಿಯಲ್ಲಿ ಒಣ ಅಳಲೆಕಾಯಿ ಕಿಲೋಗೆ ₹150ರ ಸುಮಾರಿಗೆ ಸಿಗುತ್ತದೆ. ಬೀಜ ತೆಗೆದು, ಸಿಪ್ಪೆಯನ್ನು ತರಿಯಾಗಿ ಕುಟ್ಟಿ, ಅರ್ಧ ಕಿಲೋ ಸಿಪ್ಪೆಗೆ ಐದು ಲೀಟರ್ ಮಳೆನೀರಿನ ಲೆಕ್ಕದಲ್ಲಿ ರಾತ್ರಿ ನೆನೆಸಿ, ಮರುದಿನ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸುತ್ತೇನೆ. ಪಾತ್ರೆ ಸ್ಟೀಲಿನದ್ದೇ ಆಗಬೇಕು. ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಷಾಯದ ಕಸುವೆಲ್ಲ ಬಾಣಲೆಗೇ ಹೋಗುತ್ತದೆ. ಮಳೆನೀರನ್ನು ಒತ್ತಿ ಹೇಳುವುದಕ್ಕೂ ಕಾರಣವಿದೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಮಾಡಿದ ಕಷಾಯ ಮಂಕಾಗಿ ಹಿಡಿಯುತ್ತದೆ, ಆ ನೀರಿನ ಉಪ್ಪು ಮತ್ತೆ ತುಕ್ಕಿಗೆ ದಾರಿ ಮಾಡುತ್ತದೆ. ನಾನು ಶೆಡ್ಡಿನ ಶೀಟಿನಿಂದ ಇಳಿಯುವ ನೀರನ್ನು ಎರಡು ಡ್ರಮ್ಮುಗಳಲ್ಲಿ ಹಿಡಿದಿಡುತ್ತೇನೆ.

ಈ ವಿಧಾನವನ್ನು ನೋಡಿ ಹೋಗಿ ಮಾಡಿದ ಹಲವರು ಕೈಸುಟ್ಟುಕೊಂಡದ್ದು ಒಂದೇ ಕಾರಣಕ್ಕೆ: ಗ್ರೈಂಡರಿನಿಂದ ಕಬ್ಬಿಣವನ್ನು ಬೆಳ್ಳಗೆ ಉಜ್ಜಿ, ಆಮೇಲೆ ಕಷಾಯ ಹಚ್ಚಿದರು. ಹೊಳೆಯುವ ಕಬ್ಬಿಣದ ಮೇಲೆ ಅದು ನಿಲ್ಲುವುದಿಲ್ಲ; ತೊಳೆದಂತೆ ಇಳಿದುಹೋಗುತ್ತದೆ. ಸಡಿಲವಾದ ಹಕ್ಕಳೆಯನ್ನು ಮಾತ್ರ ವೈರ್ ಬ್ರಶ್ಶಿನಿಂದ ಉದುರಿಸಿ, ಕಬ್ಬಿಣಕ್ಕೆ ಅಂಟಿಕೊಂಡಿರುವ ಬಿಗಿ ತುಕ್ಕನ್ನು ಹಾಗೆಯೇ ಬಿಡಬೇಕು. ಹೊಸ ವೆಲ್ಡಿನ ಜಾಗದಲ್ಲಿ ತುಕ್ಕೇ ಇರುವುದಿಲ್ಲವಾದ್ದರಿಂದ, ಮೇಲೆ ಗಟ್ಟಿಯಾದ ಕಿಟ್ಟವನ್ನು, ಅಂದರೆ ಸ್ಲ್ಯಾಗನ್ನು, ಚೂರೂ ಉಳಿಯದಂತೆ ಕೆತ್ತಿ ತೆಗೆದು, ಹಕ್ಕಿಯನ್ನು ಕೆಲವು ವಾರ ಮಳೆಗೂ ಇಬ್ಬನಿಗೂ ಬಿಡುತ್ತೇನೆ. ಹಾಗಾಗಿ ನನ್ನ ವರ್ಷದ ಲೆಕ್ಕ ಹೀಗಿದೆ: ಬೇಸಿಗೆಯಲ್ಲಿ ವೆಲ್ಡಿಂಗ್, ಮುಂಗಾರು ಹಿಂಗಾರುಗಳಲ್ಲಿ ತುಕ್ಕು ಕಟ್ಟಿಸುವುದು, ಕಾರ್ತಿಕದ ನಂತರ ಕಷಾಯ. ಆತುರದ ಗಿರಾಕಿಯ ಮುಂಗಡವನ್ನು ನಾನು ಮುಟ್ಟುವುದಿಲ್ಲ.

ಕಷಾಯವನ್ನು ಉಗುರುಬೆಚ್ಚಗೆ ಇರುವಾಗ ಹಚ್ಚಬೇಕು. ಗರಿಗಳ ಸಂದಿಗೆ ಕುಂಚ ಹೋಗದಿದ್ದರೂ ನೀರಿನಂಥ ಈ ರಸ ತಾನೇ ನುಗ್ಗುತ್ತದೆ. ಬಣ್ಣ ಸೋತಲ್ಲಿ ಇದು ಗೆದ್ದದ್ದು ಇಲ್ಲಿಯೇ. ಕೆಂಪು ಮೊದಲು ನೇರಳೆಯಾಗಿ, ಒಣಗುತ್ತ ಬಂದಂತೆ ನೀಲಿ ಬೆರೆತ ಕಪ್ಪಾಗುತ್ತದೆ. ಮರುದಿನ ಎರಡನೆಯ ಸಲ ಹಚ್ಚುವ ಕಷಾಯಕ್ಕೆ ನಾನು ಇನ್ನೊಂದು ಪದಾರ್ಥವನ್ನು ಸೇರಿಸುತ್ತೇನೆ. ಅದು ಯಾವುದು, ಎಷ್ಟು ಎಂಬುದು ನನ್ನ ಶೆಡ್ಡಿನಲ್ಲೇ ಇರಲಿ. ಅದಿಲ್ಲದೆಯೂ ಕೆಲಸ ಕೆಡುವುದಿಲ್ಲ, ಕಪ್ಪು ಸ್ವಲ್ಪ ತೆಳುವಾಗುತ್ತದೆ ಅಷ್ಟೆ. ಕಷಾಯ ಹಚ್ಚುವಾಗ ಪೀಠದ ಕಲ್ಲನ್ನು ಪ್ಲಾಸ್ಟಿಕ್ಕಿನಿಂದ ಪೂರ್ತಿ ಮುಚ್ಚಬೇಕು. ಕಲ್ಲಿನ ಮೇಲೆ ಬಿದ್ದ ಕಪ್ಪು ತೊಟ್ಟು ಹೋಗುವುದಿಲ್ಲ.

ಕಪ್ಪಿನ ಮೇಲೆ ಡಬಲ್ ಬಾಯಿಲ್ಡ್ ಅಗಸೆ ಎಣ್ಣೆ. ಹೊಂಗೆಯಂತಲ್ಲದೆ ಇದು ಗಾಳಿಗೆ ಒಣಗಿ ಪೊರೆ ಕಟ್ಟುತ್ತದೆ. ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿ, ಬಿಸಿಲಿನಲ್ಲಿ ಕಾದ ಕಬ್ಬಿಣಕ್ಕೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿಬಿಡಬೇಕು. ದಪ್ಪ ಬಳಿದರೆ ಸುಕ್ಕುಗಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಒಣಗುವಾಗ ಹುಟ್ಟುವ ಶಾಖಕ್ಕೆ ಆ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ನಾನು ನೀರಿನ ಬಕೆಟ್ಟಿಗೆ ಹಾಕುತ್ತೇನೆ, ನೀವೂ ಹಾಕಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಒಂದು ತೆಳು ಲೇಪ ಸಾಕು. ಎಣ್ಣೆಯ ಖರ್ಚು ಹಕ್ಕಿಯೊಂದಕ್ಕೆ ₹100 ದಾಟುವುದಿಲ್ಲ. ಎನಾಮೆಲ್ ಹೊಡೆಸಿದ್ದರೆ ಕೂಲಿ ಸೇರಿ ₹2,500 ಬೇಕಾಗುತ್ತಿತ್ತು.

ಯಾವ ಕಬ್ಬಿಣವನ್ನು ಬಿಡಬೇಕು ಎಂಬುದಕ್ಕೂ ನಾನು ಸಾಕಷ್ಟು ಬೆಲೆ ತೆತ್ತಿದ್ದೇನೆ. ಜಿಐ ಪೈಪಿನ ಸತುವಿನ ಪದರಕ್ಕೆ ಕಷಾಯ ತಾಗುವುದಿಲ್ಲ. ವೆಲ್ಡ್ ಮಾಡಿದರೆ ಆ ಹೊಗೆ ರಾತ್ರಿ ಚಳಿಜ್ವರ ತರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಸೈಕಲ್ ಚೈನಿನಿಂದ ಮಾಡಿದ ಕತ್ತು ನೋಡಲು ಬಹಳ ಸೊಗಸು. ಆದರೆ ಕೊಂಡಿಗಳೊಳಗೆ ಉಳಿದ ಹಳೆಯ ಗ್ರೀಸ್ ವರ್ಷವಿಡೀ ಬಿಸಿಲಿಗೆ ಕರಗಿ ಎದೆಯ ಮೇಲೆ ಇಳಿಯುತ್ತದೆ, ಅದು ಇಳಿದಲ್ಲಿ ಯಾವ ಕಷಾಯವೂ ಹಿಡಿಯುವುದಿಲ್ಲ. ಕೆಂಡದಲ್ಲಿ ಸುಟ್ಟು ತೆಗೆದ ಚೈನನ್ನು ಮಾತ್ರ ಈಗ ಬಳಸುತ್ತೇನೆ. ಪಂಪಿನ ಸ್ಟೀಲ್ ಇಂಪೆಲ್ಲರ್‌ಗಳನ್ನು ಜುಟ್ಟಿಗೆ ಇಟ್ಟರೆ ಕಪ್ಪಿನ ನಡುವೆ ಬೆಳ್ಳಿಯಂತೆ ಹೊಳೆಯುತ್ತವೆ; ಅವನ್ನು ಸ್ಟೀಲನ್ನು ಮಾಮೂಲಿ ಕಬ್ಬಿಣಕ್ಕೆ ಕೂಡಿಸುವ 309 ನಂಬರಿನ ವೆಲ್ಡಿಂಗ್ ಕಡ್ಡಿಯಿಂದಲೇ ಬೆಸೆಯಬೇಕು, ಬೆಸುಗೆಯ ಸುತ್ತ ನೀರು ನಿಲ್ಲಬಾರದು. ನಿಂತರೆ ಸ್ಟೀಲಿಗೆ ತಾಗಿದ ಮಾಮೂಲಿ ಕಬ್ಬಿಣ ಬೇರೆಡೆಗಿಂತ ಬೇಗ ಕರಗುತ್ತದೆ. ಆಕಾಶಕ್ಕೆ ಬಾಯಿ ತೆರೆದ ಯಾವ ತಗ್ಗನ್ನೂ ನಾನು ತೂತು ಹಾಕದೆ ಬಿಡುವುದಿಲ್ಲ. ತುಕ್ಕಿಗೆ ಹೆದರದವರು ಡೆಂಗಿಯ ಸೊಳ್ಳೆಗಾದರೂ ಹೆದರಬೇಕು.

ಪೀಠಕ್ಕೆ ರಾಗಿ ಕಣದ ಹಳೆಯ ಗುಂಡುಗಲ್ಲುಗಳನ್ನು ಬಳಸುತ್ತೇನೆ. ಒಕ್ಕಣೆ ಯಂತ್ರ ಬಂದ ಮೇಲೆ ಅವು ಹೊಲದ ಬದುಗಳಲ್ಲಿ ಅನಾಥವಾಗಿ ಬಿದ್ದಿವೆ. ಕಲ್ಲಿಗಿಂತ ಅದನ್ನು ಸಾಗಿಸುವ ಬಾಡಿಗೆಯೇ ಹೆಚ್ಚು. ಕಲ್ಲನ್ನು ನೆಟ್ಟಗೆ ನಿಲ್ಲಿಸಿದರೆ ಅಚ್ಚಿನ ಗುಳಿ ಮೇಲಕ್ಕೆ ಬರುತ್ತದೆ, ಹಕ್ಕಿಯ ಕಾಲಿನ ಮೊಳೆಗೆ ಅದೇ ಸಾಕು. ಆ ಮೊಳೆಗೆ ಮಾತ್ರ ಸ್ಟೀಲನ್ನೇ ಹಾಕಿ ಎಪಾಕ್ಸಿಯಲ್ಲಿ ಕೂರಿಸುತ್ತೇನೆ, ಏಕೆಂದರೆ ಕಲ್ಲಿನೊಳಗೆ ತುಕ್ಕು ಹಿಡಿದು ಉಬ್ಬುವ ಕಬ್ಬಿಣ ಕಲ್ಲನ್ನೇ ಸೀಳುತ್ತದೆ.

ನಡುವೆ ಬೇರೆ ಒಗರುಗಳನ್ನೂ ನೋಡಿದ್ದೇನೆ. ಗುಬ್ಬಿಯ ಕಡೆಯಿಂದ ಅಡಿಕೆ ಬೇಯಿಸಿದ ಚೊಗರನ್ನು ಕ್ಯಾನಿನಲ್ಲಿ ತರಿಸಿ ಹಚ್ಚಿದೆ. ಬಂದದ್ದು ಕಪ್ಪಲ್ಲ, ಕಂದು ಬೆರೆತ ಹಸಿರುಗಪ್ಪು, ಮೇಲಾಗಿ ಅಂಟು. ತಂಗಡಿ ತೊಗಟೆಯಲ್ಲೂ ಒಗರಿದೆ, ಆದರೆ ತೊಗಟೆ ಸುಲಿದರೆ ಗಿಡ ಸಾಯುತ್ತದೆ. ಅಳಲೆ ಕಾಯಿಯಾಗಿ ಉದುರುವ ವಸ್ತು, ಅದೇ ಒಳ್ಳೆಯದು.

ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಸುರುಳಿ ತಟ್ಟೆಗಳ, ಅಂದರೆ ಚಂದ್ರಿಕೆಗಳ, ಕಥೆಯನ್ನೂ ಇಲ್ಲಿಯೇ ಹೇಳಬೇಕು. ಅದೇ ಕೆಲಸಕ್ಕೆ ಪ್ಲಾಸ್ಟಿಕ್ ನೇತ್ರಿಕೆಗಳು ಬಂದ ಮೇಲೆ ನಮ್ಮೂರಿನ ಹುಳುಮನೆಗಳ ಅಟ್ಟಗಳಲ್ಲಿ ಬಿದಿರಿನ ಚಂದ್ರಿಕೆಗಳು ಮೂಲೆಗುಂಪಾಗಿವೆ. ಬಳ್ಳಿ ಹಬ್ಬಿಸಲೆಂದು ಒಂದಷ್ಟನ್ನು ಗೋಡೆಗೆ ಹೊಡೆದೆ. ಮೈಲುತುತ್ತದ ನೀರಿನಲ್ಲಿ ಅದ್ದಿದರೂ ಕಟ್ಟುಗಳು ಮಳೆಗೆ ಬಿಚ್ಚಿಕೊಂಡವು. ಆದರೆ ಹಸಿ ಸಿಮೆಂಟಿನ ಹಲಗೆಯ ಮೇಲೆ ಚಂದ್ರಿಕೆಯನ್ನು ಒತ್ತಿ ಎತ್ತಿದರೆ ಅದರ ಸುರುಳಿ ಅಚ್ಚೊತ್ತಿದಂತೆ ಮೂಡುತ್ತದೆ. ತೋಟದ ಕಾಲುದಾರಿಗೆ ಅಂಥ ಬಿಲ್ಲೆಗಳನ್ನು ₹350ರಂತೆ ಕೊಡುತ್ತೇನೆ, ಖರ್ಚು ₹120ರ ಒಳಗೆ. ಒಂದು ಚಂದ್ರಿಕೆ ಹತ್ತು ಹದಿನೈದು ಅಚ್ಚುಗಳಿಗೆ ಬರುತ್ತದೆ. ಬಿದಿರು ಸಿಮೆಂಟಿಗೆ ಕಚ್ಚದಂತೆ ಏನು ಸವರಬೇಕು ಎಂಬುದನ್ನು ಬಲ್ಲವರು ಊಹಿಸಬಲ್ಲರು.

ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ 1957ರಿಂದ ಗುಟ್ಟಾಗಿ ಕಟ್ಟಿದ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ ನಮ್ಮಂಥವರಿಗೆಲ್ಲ ಗುರುಸ್ಥಾನ. ಅಲ್ಲಿ ಒಡೆದ ಬಳೆಗಳೂ ಪಿಂಗಾಣಿ ಚೂರುಗಳೂ ಸಿಮೆಂಟಿನ ಮೈ ಹೊತ್ತು ನಿಂತಿವೆ, ಒಳಗಿನ ಕಬ್ಬಿಣ ಕಾಣುವುದಿಲ್ಲ. ನನ್ನ ಆಸೆ ಕಬ್ಬಿಣವೇ ಕಾಣಬೇಕೆಂಬುದು. ಹಾಗೆಂದೇ ಇಷ್ಟೆಲ್ಲ ಪಾಡು.

ಈಗ ಜೋಡಿ ಕೊಕ್ಕರೆಗೆ ಪೀಠ ಸೇರಿ ₹38,000 ತೆಗೆದುಕೊಳ್ಳುತ್ತೇನೆ; ಕಬ್ಬಿಣ, ಕಡ್ಡಿ, ಕರೆಂಟು, ಬಾಡಿಗೆ ಕಳೆದು ಅರ್ಧದಷ್ಟು ಉಳಿಯುತ್ತದೆ. ಮೇವು ಕತ್ತರಿಸುವ ಯಂತ್ರದ ಬೀಡು ಕಬ್ಬಿಣದ (ಎರಕದ ಕಬ್ಬಿಣದ) ಚಕ್ರಗಳಿಂದ ನವಿಲಿನ ಗರಿ ಬಿಡಿಸುವ ಕೆಲಸ ಸದ್ಯ ನಡೆದಿದೆ. ಬೀಡಿನ ತುಕ್ಕಿಗೂ ಕಷಾಯ ಚೆನ್ನಾಗಿ ಹಿಡಿಯುತ್ತದೆ, ತೊಡಕಿರುವುದು ಬೆಸುಗೆಯಲ್ಲಿ. ಒಂದೊಂದಕ್ಕೆ ₹80ರ ಹತ್ತಿರ ಬೀಳುವ ನಿಕ್ಕಲ್ ಕಡ್ಡಿ ಬಳಸಿ, ಚಕ್ರವನ್ನು ಮೊದಲೇ ಕಾಯಿಸಿ, ಆಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿದರೂ ಮೂರರಲ್ಲೊಂದು ಚಕ್ರ ಟಣ್ಣೆಂದು ಬಿರಿಯುತ್ತಿದೆ. ಬೀಡನ್ನು ಬೆಸೆಯದೆ ನಟ್ಟು ಬೋಲ್ಟಿನಲ್ಲಿ ಕೂರಿಸಿ ನೋಡುತ್ತಿದ್ದೇನೆ. ಬರುವ ಮುಂಗಾರು ಕಳೆದ ಮೇಲೆ ಅದರ ಫಲ ತಿಳಿಯುತ್ತದೆ.