ಬೈಕ್ ಲೈಸೆನ್ಸ್: ಎಂಟರಲ್ಲಿ ಕಾಲು ಊರಬೇಡಿ

ಗೇರ್ ಬೈಕಿಗೆ 18 ತುಂಬಿರಬೇಕು. ಸರ್ಕಾರದ ಲೈಸೆನ್ಸ್ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ನಿಮ್ಮ ಆರ್‌ಟಿಒ ಕಚೇರಿಯಾಗಿ ಕಲಬುರಗಿ (ಕೆಎ-32), ಯಾದಗಿರಿ (ಕೆಎ-33) ಅಥವಾ ಬೀದರ್ (ಕೆಎ-38) ಆರಿಸಿ ಎಲ್‌ಎಲ್‌ಗೆ (ಕಲಿಕಾ ಲೈಸೆನ್ಸ್) ಅರ್ಜಿ ಹಾಕಿ. ಆಧಾರ್‌ನಲ್ಲಿರುವ ಹೆಸರು, ಜನ್ಮದಿನಾಂಕ ಮಾರ್ಕ್ಸ್ ಕಾರ್ಡಿಗೆ ಹೊಂದಬೇಕು. ಅರ್ಜಿ ಬಹಳ ಸಲ ಇಲ್ಲೇ ಸಿಕ್ಕಿಬೀಳುತ್ತದೆ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಪರೀಕ್ಷೆ 30 ದಿನ ಕಳೆದ ಮೇಲೆ. ಅಲ್ಲಿಯವರೆಗೆ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಲಿ, ಗೆಳೆಯರನ್ನು ಹಿಂದೆ ಕೂರಿಸಬೇಡಿ.

ಪರೀಕ್ಷೆಯಲ್ಲಿ ಸೋಲಿಸುವುದು ಕಾಲು ಊರದೆ ಬೈಕ್ ಓಡಿಸಬೇಕಾದ ಎಂಟರ (8) ಆಕಾರ. ಬಿಸಿಲೇರುವ ಮುನ್ನ ಖಾಲಿ ಮೈದಾನದಲ್ಲಿ ಸುಣ್ಣದಿಂದ ಗೆರೆ ಎಳೆದು ಅಭ್ಯಾಸ ಮಾಡಿ. ಮೊದಲ ಗೇರ್, ಅರ್ಧ ಹಿಡಿದ ಕ್ಲಚ್, ವೇಗ ತಗ್ಗಿಸಲು ಹಿಂದಿನ ಬ್ರೇಕ್ ಮಾತ್ರ. ಹ್ಯಾಂಡಲ್ ತಿರುಗಿದಾಗ ಮುಂದಿನ ಬ್ರೇಕ್ ಒತ್ತಿದರೆ ಬೈಕ್ ಒಳಬದಿಗೆ ಬೀಳುತ್ತದೆ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ತಿರುವಿನ ಆಚೆಗಿರಲಿ. ಐಎಸ್‌ಐ ಹೆಲ್ಮೆಟ್ಟಿನ ಪಟ್ಟಿ ಬಿಗಿದೇ ಹೊರಡಿ.